ಗಾಳ ಹಾಕುವ ಜಾಗವನ್ನು ಇಳಿತದಲ್ಲಿ ನೋಡಬೇಕು

ಮಾನ್ಯರೇ,

ಕರಾವಳಿಯಲ್ಲಿ ಗಾಳ ಹಾಕುವ ಹವ್ಯಾಸಕ್ಕೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ಮೀನು ಎಲ್ಲಿ ಸಿಗುತ್ತದೆ? ಕಾಪು ದೀಪಸ್ತಂಭದ ಬುಡದ ಬಂಡೆಗಳು, ನೇತ್ರಾವತಿ ಅಳಿವೆಯ ತಡೆಗೋಡೆ, ಕೋಡಿ ಬೆಂಗ್ರೆಯ ಮರಳ ತುದಿ ಎಂದು ಯಾವುದೋ ಒಂದು ಹೆಸರು ಹೇಳಿದರೆ ಅವರಿಗೆ ಸಮಾಧಾನವಾಗುತ್ತದೆ. ಹಾಗೆ ಹೋದವರು ಬರಿಗೈಯಲ್ಲಿ ಮರಳಿದ್ದನ್ನು ಎಷ್ಟೋ ಸಲ ಕಂಡ ಮೇಲೆ, ಹೆಸರು ಹೇಳುವುದನ್ನೇ ನಾನು ಬಿಟ್ಟಿದ್ದೇನೆ. ಕಡಲಿನಲ್ಲಿ ಜಾಗವೂ ಹೊತ್ತೂ ಬೇರೆ ಬೇರೆಯಲ್ಲ. ಬೆಳಿಗ್ಗೆ ಏಳಕ್ಕೆ ಮೀನು ಎಡಬಿಡದೆ ಕಚ್ಚುತ್ತಿದ್ದ ಬಂಡೆಯ ಸಂದು, ನೀರಿನ ಹರಿವು ನಿಂತರೆ, ಹತ್ತಕ್ಕೆ ಬರಿದಾಗಿರುತ್ತದೆ.

ಆದ್ದರಿಂದ ಮೊದಲು ಉಬ್ಬರವಿಳಿತದ ಲೆಕ್ಕ ತಿಳಿದಿರಬೇಕು. ನಮ್ಮ ತೀರದಲ್ಲಿ ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡು ಉಬ್ಬರ, ಎರಡು ಇಳಿತ ಬರುತ್ತವೆ. ಹಾಗಾಗಿ ಇಂದಿನ ಉಬ್ಬರದ ಹೊತ್ತು ನಾಳೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚೇ ಮುಂದೆ ಹೋಗಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಹೊಸ ಜಾಗವನ್ನು ನೋಡಲು ನಾನು ಹೋಗುವುದು ಈ ದೊಡ್ಡ ಇಳಿತದ ದಿನ, ಅದೂ ಗಾಳವಿಲ್ಲದೆ. ಅಂದು ನೀರು ಹಿಂದೆ ಸರಿದಾಗ, ಉಳಿದ ದಿನಗಳಲ್ಲಿ ಮುಳುಗಿರುವ ಕಲ್ಲು, ಗುಂಡಿ, ಕಾಲುವೆಗಳೆಲ್ಲ ಹೊರಗೆ ಬರುತ್ತವೆ. ಪಚ್ಚಿಲೆ ಎಂಬ ಚಿಪ್ಪುಜೀವಿ ಅಂಟಿಕೊಂಡ ಬಂಡೆ ಯಾವುದು, ಎರಡು ಬಂಡೆಗಳ ನಡುವೆ ನೀರು ಒಳಗೆ ನುಗ್ಗುವ ದಾರಿ ಯಾವುದು, ಗಾಳದ ದಾರ, ಅಂದರೆ ತಂಗೂಸಿ, ಸಿಕ್ಕಿ ತುಂಡಾಗುವಂಥ ಚೂಪು ಅಂಚುಗಳು ಎಲ್ಲಿವೆ ಎಂಬುದನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡರೆ, ನೀರು ಏರಿದ ಮೇಲೆ ಎಲ್ಲಿಗೆ ಎಸೆಯಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ.

ನನಗೆ ಅತ್ಯಂತ ಪ್ರಿಯವಾದದ್ದು ಅಳಿವೆ. ಮಲ್ಪೆಯಿಂದ ಉತ್ತರಕ್ಕೆ ಹೋದರೆ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ಇರುವ ಕಿರಿದಾದ ಮರಳ ಪಟ್ಟಿ ಸಿಗುತ್ತದೆ. ಅದರ ತುದಿಯಲ್ಲಿ, ಕೋಡಿ ಬೆಂಗ್ರೆಯ ಬಳಿ, ಸುವರ್ಣಾ ಮತ್ತು ಸೀತಾ ಹೊಳೆಗಳು ಒಂದಾಗಿ ಕಡಲು ಸೇರುತ್ತವೆ. ಇಳಿತ ಶುರುವಾದಾಗ ಹೊಳೆಯ ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಬೆಳೆದ ಸಿಗಡಿ ಮರಿಗಳನ್ನೂ ಸಣ್ಣ ಮೀನುಗಳನ್ನೂ ಹೊತ್ತುಕೊಂಡು ಹೊರಗೆ ಹರಿಯುತ್ತದೆ. ಸೀಬಾಸ್, ಕೆಂಬೇರಿಯಂಥ ಬೇಟೆಗಾರ ಮೀನುಗಳು ಆ ಸೆಳೆತದ ನಡುವೆ ಈಜಿ ದಣಿಯುವುದಿಲ್ಲ. ಸೆಳೆತದ ಪಕ್ಕದಲ್ಲಿ, ಕಲ್ಲಿನ ಮರೆಯಲ್ಲಿ, ನೀರು ಸುತ್ತಿ ನಿಧಾನವಾಗುವ ಕಡೆ ಹೊಂಚು ಹಾಕಿ ಕಾಯುತ್ತವೆ. ಬಣ್ಣ ಕದಡಿದ ಹೊಳೆನೀರು ತಿಳಿಯಾದ ಕಡಲ ನೀರನ್ನು ಮುಟ್ಟುವಲ್ಲಿ ನೊರೆಯ ಗೆರೆಯೊಂದು ಕಾಣುತ್ತದೆ. ಆ ಗೆರೆಯ ಅಂಚಿಗೆ ಗಾಳ ಬಿದ್ದರೆ ಸಾಕು. ಉಬ್ಬರ ಮತ್ತು ಇಳಿತಗಳ ನಡುವೆ ನೀರು ಅಲುಗಾಡದೆ ನಿಲ್ಲುವ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಇದೇ ಜಾಗದಲ್ಲಿ ಏನೂ ಸಿಗುವುದಿಲ್ಲ. ಬುತ್ತಿ ಬಿಚ್ಚಲು ಅದು ಸರಿಯಾದ ಸಮಯ.

ಕಣ್ಣಿಗೆ ಕಾಣದ ತಳವನ್ನು ಬೆರಳಿನಿಂದ ನೋಡುವುದನ್ನು ನನಗೆ ಕಲಿಸಿದವರು ವಯಸ್ಸಾದ ಒಬ್ಬ ಮೊಗವೀರ ಮೀನುಗಾರರು. ಅವರು ಕೊಕ್ಕೆ ಕಟ್ಟದೆ, ಬರೀ ಸೀಸದ ಗುಂಡು ಕಟ್ಟಿದ ತಂಗೂಸಿಯನ್ನು ದೂರ ಎಸೆದು, ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಮೆಲ್ಲನೆ ಎಳೆಯುತ್ತಿದ್ದರು. ತಳ ಮರಳಾದರೆ ಗುಂಡು ಸರಾಗವಾಗಿ ಜಾರಿ ಬರುತ್ತದೆ. ಕೆಸರಾದರೆ ಹಿಡಿದುಕೊಂಡಂತಾಗಿ ಆಮೇಲೆ ಒಮ್ಮೆಲೇ ಬಿಡುತ್ತದೆ. ಕಲ್ಲಾದರೆ ಟಕ್ ಟಕ್ ಎಂದು ಬೆರಳಿಗೆ ತಾಗುತ್ತದೆ. ಆ ಟಕ್ ಟಕ್ ನಿಂತು ಜಾರುವಿಕೆ ಶುರುವಾಗುವ ಕಡೆಗೇ ಅವರು ಸಿಗಡಿ ಚುಚ್ಚಿದ ಗಾಳವನ್ನು ಹಾಕುತ್ತಿದ್ದರು. ಕಲ್ಲು ಮುಗಿದು ಮರಳು ತೊಡಗುವ ಆ ಅಂಚಿನಲ್ಲಿ ಮೀನು ಓಡಾಡುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು, ಈಗ ನನ್ನದೂ ಹೌದು.

ಬಂಡೆಯಿಲ್ಲದ ಮರಳ ತೀರ ಮೇಲ್ನೋಟಕ್ಕೆ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ. ಎತ್ತರದ ದಿಬ್ಬದ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತು ತೆರೆಗಳನ್ನು ನೋಡಿದರೆ, ತೆರೆ ಒಡೆಯುವ ಬಿಳಿ ಸಾಲಿನ ನಡುವೆ ಒಡೆಯದೆ ಉಳಿದ ಕಪ್ಪನೆಯ ಒಂದು ಪಟ್ಟಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ನೀರು ಆಳ. ದಡಕ್ಕೆ ಬಂದ ನೀರು ಆ ದಾರಿಯಿಂದಲೇ ಕಡಲಿಗೆ ಮರಳುತ್ತದೆ. ಅದರ ಅಂಚು ಗಾಳಕ್ಕೆ ಒಳ್ಳೆಯದು, ಆದರೆ ಶಾಂತವಾಗಿದೆ ಎಂದುಕೊಂಡು ಅಲ್ಲಿ ಮೊಣಕಾಲು ಮುಳುಗುವಷ್ಟು ಇಳಿದವರನ್ನು ಸಹ ಆ ಸೆಳೆತ ಎಳೆದೊಯ್ಯಬಲ್ಲದು. ಮಳೆಗಾಲದ ಕಡಲು ಮರಳನ್ನು ಕೊರೆದು ಒಯ್ದು, ಮಳೆ ಕಳೆದ ಮೇಲೆ ಬೇರೆ ರೀತಿಯಲ್ಲಿ ತಂದು ಹಾಕುವುದರಿಂದ, ಕಳೆದ ವರ್ಷದ ಗುಂಡಿಯನ್ನು ಈ ವರ್ಷ ನಂಬುವಂತಿಲ್ಲ.

ಈಗ ಕಾಲಿಡುವ ಜಾಗದ ಮಾತು. ಒಮ್ಮೆ ನಾನು ಬಂಡೆಸಾಲೊಂದರ ತುದಿಯಲ್ಲಿ ಮೀನಿನ ಮೇಲೆಯೇ ಗಮನವಿಟ್ಟು ನಿಂತಿದ್ದಾಗ, ಏರುವ ನೀರು ನನ್ನ ಹಿಂದಿನ ತಗ್ಗನ್ನು ತುಂಬಿಬಿಟ್ಟಿತ್ತು. ಬರುವಾಗ ಪಾದ ಮಾತ್ರ ಒದ್ದೆಯಾಗಿದ್ದ ದಾರಿಯಲ್ಲಿ ಮರಳುವಾಗ ಎದೆಮಟ್ಟದ ನೀರಿತ್ತು. ಗಾಳ, ಚೀಲ ಎಲ್ಲವನ್ನೂ ಅಲ್ಲೇ ಬಿಟ್ಟು ದಡ ಸೇರಿದೆ. ಅಂದಿನಿಂದ ಗಾಳ ಬಿಚ್ಚುವ ಮೊದಲು ಹಿಂತಿರುಗಿ ನೋಡುತ್ತೇನೆ. ಪಾಚಿ ಹಸಿಯಾಗಿ ಹೊಳೆಯುವ ಬಂಡೆಗೆ ತೆರೆ ಬಂದೇ ಬರುತ್ತದೆ, ಅಲ್ಲಿ ನಿಲ್ಲಬಾರದು. ದೂರದ ದಕ್ಷಿಣ ಸಾಗರದಲ್ಲೆದ್ದ ಭಾರಿ ಅಲೆಗಳು ಇಲ್ಲಿ ಗಾಳಿ, ಮಳೆ ಯಾವುದೂ ಇಲ್ಲದ ದಿನವೂ ತೀರಕ್ಕೆ ಬಂದು ಬಡಿಯುವುದುಂಟು. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ಇಂಕಾಯ್ಸ್ (INCOIS) ಎಂಬ ಸಾಗರ ಮಾಹಿತಿ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಮನೆ ಬಿಡುವ ಮೊದಲು ಅದನ್ನು ನೋಡಿಕೊಳ್ಳಬೇಕು.

ಜಾಗ ಎಷ್ಟೇ ಚೆನ್ನಾಗಿದ್ದರೂ, ಕಡಲನ್ನೇ ನಂಬಿ ಬದುಕುವವರ ಕೆಲಸಕ್ಕೆ ಅಡ್ಡವಾಗುವುದಾದರೆ ಅದು ನಮ್ಮದಲ್ಲ. ಅಳಿವೆ ಬಾಗಿಲಲ್ಲಿ ದೋಣಿ ಸಾಗುವ ದಾರಿಗೆ ತಂಗೂಸಿ ಬಿಡಬಾರದು. ಅದು ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡರೆ, ತೆರೆಗಳ ನಡುವೆ ದೋಣಿಯವರ ಜೀವಕ್ಕೇ ಕುತ್ತು. ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆ ಬೀಸಿರುವ ಕಡೆ ಗಾಳ ಸುತ್ತಿಟ್ಟು ದೂರ ಸರಿಯಬೇಕು, ಕೈ ಬಿಡುವಾಗಿದ್ದರೆ ಹಗ್ಗ ಎಳೆಯಲೂ ಕೈ ಜೋಡಿಸಬೇಕು. ಬಲೆ ದಡಕ್ಕೆ ಬಂದ ಮೇಲೆ, ಈ ವರ್ಷ ಗುಂಡಿ ಎಲ್ಲಿ ಬಿದ್ದಿದೆ ಎಂದು ಅವರನ್ನೇ ಕೇಳಿ. ಬಲೆಯ ಅಡಿಹಗ್ಗ ತಳವನ್ನು ಸವರಿಕೊಂಡೇ ಬರುವುದರಿಂದ, ಆ ತೀರದ ತಳ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.