ಆನ್ ಬೇಗ, ಆಫ್ ತಡ

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡಲು ಹೊರಟಿರುವ ವಸ್ತು ಈಗ ನಿಮ್ಮ ಪಕ್ಕದಲ್ಲಿರುವ ರೇಡಿಯೊದ ಒಳಗೇ ಇದೆ. ಟ್ರಾನ್ಸಿಸ್ಟರ್. ನಮ್ಮ ಹಳ್ಳಿಗಳಲ್ಲಿ ಒಂದು ಕಾಲದಲ್ಲಿ ರೇಡಿಯೊವನ್ನೇ ಟ್ರಾನ್ಸಿಸ್ಟರ್ ಅಂತ ಕರೆಯುತ್ತಿದ್ದರು. ಹೊಲಕ್ಕೆ ಹೋಗುವಾಗ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು, ನೆನಪಿದೆಯಲ್ವಾ? ಆ ಹಳೇ ಸೆಟ್ಟುಗಳ ಹಿಂಬದಿ ಬಿಚ್ಚಿದರೆ ಬಿಎಫ್ 194, ಬಿಎಫ್ 195 ಅಂತ ಬರೆದ ಪುಟ್ಟ ಕಪ್ಪು ತುಂಡುಗಳು ಕಾಣುತ್ತಿದ್ದವು. ಏರಿಯಲ್‌ನಿಂದ ಬಂದ ಬಡಕಲು ಸಿಗ್ನಲ್ಲನ್ನು ಮೊದಲು ಹಿಡಿಯುತ್ತಿದ್ದವು ಅವೇ. ಇವಕ್ಕೆ ಆರ್‌ಎಫ್ ಟ್ರಾನ್ಸಿಸ್ಟರ್ ಅನ್ನುತ್ತಾರೆ. ರೇಡಿಯೊ ಅಲೆಗಳ ವೇಗಕ್ಕೆ ಹೆಜ್ಜೆ ಹಾಕಬಲ್ಲ ಟ್ರಾನ್ಸಿಸ್ಟರ್ ಅಂತ ಅರ್ಥ.

ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನು. ಒಮ್ಮೆ ಲ್ಯಾಬ್‌ನಲ್ಲಿ ಒಬ್ಬ ಹುಡುಗ ಕೇಳಿದ: "ಸಾರ್, ಇದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಏರಿಳಿಯುವ ಸಿಗ್ನಲ್ಲನ್ನೇ ತಡೆದುಕೊಳ್ಳುತ್ತೆ. ಹಾಗಿದ್ರೆ ಇದನ್ನ ಸ್ವಿಚ್ ಮಾಡಿ ಹಾಕಿದ್ರೆ ಅಷ್ಟೇ ಬೇಗ ಆನ್ ಆಫ್ ಆಗಲ್ವಾ?" ಎಷ್ಟು ಒಳ್ಳೆ ಪ್ರಶ್ನೆ! ಉತ್ತರ ಹೌದು ಅಂತಲೂ ಹೇಳಬಹುದು, ಇಲ್ಲ ಅಂತಲೂ ಹೇಳಬಹುದು. ಅದನ್ನು ಸರಿಯಾಗಿ ತಿಳಿಯಲು ನಮಗೆ ಎರಡು ವಾರ ಹಿಡಿಯಿತು, ಒಂದಷ್ಟು ಟ್ರಾನ್ಸಿಸ್ಟರ್‌ಗಳೂ ಹಾಳಾದವು. ಆ ಕತೆಯನ್ನೇ ಹೇಳುತ್ತೇನೆ.

ನಮ್ಮ ಲ್ಯಾಬ್‌ನ ಮೂಲೆಯಲ್ಲಿ ಕೋಯಾಕ್ಸ್ ಕೇಬಲ್ಲಿನ, ಅಂದರೆ ಟಿವಿಗೆ ಹಾಕುವಂಥ ಕೇಬಲ್ಲಿನ ಒಂದು ಸುರುಳಿ ಬಿದ್ದಿತ್ತು. ಎಷ್ಟು ಉದ್ದ ಅಂತ ಯಾರಿಗೂ ಗೊತ್ತಿರಲಿಲ್ಲ. ಬಿಚ್ಚದೆ ಅಳೆಯಬೇಕು ಅಂತ ಹುಡುಗರಿಗೆ ಹಟ. ಅದಕ್ಕೊಂದು ದಾರಿ ಇದೆ. ಕೇಬಲ್ಲಿನ ಒಂದು ತುದಿಗೆ ವಿದ್ಯುತ್ತಿನ ಸಣ್ಣ ಮಿಡಿತ ಕೊಡಬೇಕು, ಅದು ಆ ತುದಿ ಮುಟ್ಟಿ ಪ್ರತಿಧ್ವನಿಯ ಹಾಗೆ ವಾಪಸ್ ಬರುತ್ತದೆ, ಹೋಗಿ ಬರಲು ಹಿಡಿದ ಸಮಯ ನೋಡಿ ಉದ್ದ ಲೆಕ್ಕ ಹಾಕಬಹುದು. ಬೆಟ್ಟದ ಮುಂದೆ ನಿಂತು ಕೂಗಿದ ಹಾಗೆ. ಆದರೆ ಇಲ್ಲಿ ಸಮಯ ತೀರಾ ಚಿಕ್ಕದು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಹೋಗುತ್ತದೆ, ಅಂದರೆ ಒಂದು ಅಡಿ. ನಮ್ಮ ಕೇಬಲ್ಲಿನೊಳಗೆ ಸಿಗ್ನಲ್ ಇನ್ನೂ ನಿಧಾನ, ನ್ಯಾನೊಸೆಕೆಂಡಿಗೆ 20 ಸೆಂಟಿಮೀಟರ್. 10 ಮೀಟರ್ ಕೇಬಲ್ ಇದ್ದರೆ ಹೋಗಿ ಬರಲು 100 ನ್ಯಾನೊಸೆಕೆಂಡ್ ಅಷ್ಟೇ. ಅಷ್ಟರೊಳಗೆ ಆ ಮಿಡಿತ ಹುಟ್ಟಿಸುವ ನಮ್ಮ ಟ್ರಾನ್ಸಿಸ್ಟರ್ ಸ್ವಿಚ್ ಆನ್ ಆಗಿ ಆಫ್ ಕೂಡ ಆಗಿರಬೇಕು. ಇಲ್ಲದಿದ್ದರೆ ನಾವು ಕೂಗಿ ಮುಗಿಸುವ ಮೊದಲೇ ಪ್ರತಿಧ್ವನಿ ಬಂದು ಅದರಲ್ಲೇ ಮುಳುಗಿ ಹೋಗುತ್ತದೆ.

ಮೊದಲು ಹಾಕಿದ್ದು ಎಲ್ಲರ ಡಬ್ಬಿಯಲ್ಲೂ ಇರುವ ಬಿಸಿ 547. ಅದರ ಡೇಟಾಶೀಟ್‌ನಲ್ಲಿ, ಅಂದರೆ ತಯಾರಕರು ಕೊಡುವ ವಿವರದ ಹಾಳೆಯಲ್ಲಿ, 300 ಮೆಗಾಹರ್ಟ್ಸ್ ಅಂತ ಬರೆದಿರುತ್ತದೆ, ಸೆಕೆಂಡಿಗೆ 30 ಕೋಟಿ ಸಲ. ಸುಮ್ನೆ ಲೆಕ್ಕ ಹಾಕಿದರೆ ಮೂರು ನಾಲ್ಕು ನ್ಯಾನೊಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು. ಟ್ರಾನ್ಸಿಸ್ಟರ್‌ಗೆ ಮೂರು ಕಾಲು: ಕಲೆಕ್ಟರ್‌ನಿಂದ ಎಮಿಟರ್‌ಗೆ ಕರೆಂಟ್ ಹರಿಯುತ್ತದೆ, ಅದನ್ನು ಬೇಸ್ ಹತೋಟಿಯಲ್ಲಿಡುತ್ತದೆ. ಲಾಜಿಕ್ ಐಸಿ ಅನ್ನುವ ಚಿಪ್ಪಿನಿಂದ 20 ನ್ಯಾನೊಸೆಕೆಂಡಿನ ಮಿಡಿತ ತೆಗೆದು ಬಿಸಿ 547ರ ಬೇಸ್‌ಗೆ ಕೊಟ್ಟೆವು. ಆನ್ ಆಯಿತು. ಆಫ್ ಆಗಲೇ ಇಲ್ಲ! ಸಿಗ್ನಲ್ಲಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪ್ ಪರದೆಯ ಮೇಲೆ ಗೆರೆ ಕೆಳಗೇ ಮಲಗಿತ್ತು, ಅಂದರೆ ಇನ್ನೂ ಆನ್, ನೂರು, ಇನ್ನೂರು ನ್ಯಾನೊಸೆಕೆಂಡ್ ಕಳೆದ ಮೇಲೆ ನಿಧಾನವಾಗಿ ಎದ್ದು ಬಂತು.

ಯಾಕೆ ಹೀಗೆ? ಮಂಡ್ಯ ಕಡೆಯವರಿಗೆ ಇದು ಥಟ್ ಅಂತ ಅರ್ಥವಾಗುತ್ತದೆ. ನಾಲೆಯ ತೂಬು ಮುಚ್ಚಿದ ತಕ್ಷಣ ಗದ್ದೆಗೆ ನೀರು ನಿಲ್ಲುವುದಿಲ್ಲ. ನಾಲೆಯೊಳಗೆ ಆಗಲೇ ತುಂಬಿಕೊಂಡಿರುವ ನೀರು ಹರಿದು ಖಾಲಿಯಾಗಬೇಕು. ತೂಬನ್ನು ಬೇಕಾದ್ದಕ್ಕಿಂತ ಜಾಸ್ತಿ ಎತ್ತಿದ್ದರೆ ನಾಲೆ ಅಂಚಿನವರೆಗೆ ತುಂಬಿರುತ್ತದೆ, ಖಾಲಿಯಾಗಲು ಇನ್ನೂ ತಡ. ಟ್ರಾನ್ಸಿಸ್ಟರ್ ಕೂಡ ಹಾಗೇ. ಸ್ವಿಚ್ ಗಟ್ಟಿಯಾಗಿ ಆನ್ ಆಗಲಿ ಅಂತ ನಾವು ಬೇಸ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟ್ ಕೊಡುತ್ತೇವೆ. ಆಗ ಅದು ಸ್ಯಾಚುರೇಷನ್‌ಗೆ ಹೋಗುತ್ತದೆ, ಒಳಗೆ ಹೆಚ್ಚುವರಿ ಚಾರ್ಜ್ ಬಂದು ತುಂಬಿಕೊಳ್ಳುತ್ತದೆ. ಬೇಸ್ ಕರೆಂಟ್ ನಿಲ್ಲಿಸಿದರೂ ಆ ಚಾರ್ಜ್ ಕರಗುವವರೆಗೆ ಟ್ರಾನ್ಸಿಸ್ಟರ್ ಆನ್ ಆಗೇ ಇರುತ್ತದೆ. ಈ ಕಾಯುವ ಸಮಯದ ಹೆಸರು ಸ್ಟೋರೇಜ್ ಟೈಮ್. 2ಎನ್ 3904 ಅನ್ನುವ ಇನ್ನೊಂದು ಸಾಮಾನ್ಯ ಟ್ರಾನ್ಸಿಸ್ಟರ್‌ನ ಡೇಟಾಶೀಟ್ ತೆಗೆದು ನೋಡಿ. ಅದೂ 300 ಮೆಗಾಹರ್ಟ್ಸ್‌ನದೇ. ಸ್ಟೋರೇಜ್ ಟೈಮ್ ಮಾತ್ರ 200 ನ್ಯಾನೊಸೆಕೆಂಡ್‌ವರೆಗೆ ಇರಬಹುದು ಅಂತ ಅದರಲ್ಲೇ ಇದೆ.

ಆ 300 ಮೆಗಾಹರ್ಟ್ಸ್ ಸುಳ್ಳಲ್ಲ. ಅದು ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗದೆ, ಪೂರ್ತಿ ಆಫ್ ಆಗದೆ, ನಡುವೆ ನಿಂತು ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವಾಗಿನ ವೇಗ. ರೇಡಿಯೊದಲ್ಲಿ ಅದರ ಕೆಲಸ ಅದೇ. ನಾಲೆ ತುಂಬಿ ತುಳುಕಿದ ಮೇಲೆ ಖಾಲಿ ಮಾಡುವ ವೇಗದ ಬಗ್ಗೆ ಆ ಅಂಕಿ ಏನೂ ಹೇಳುವುದಿಲ್ಲ. ಆರ್‌ಎಫ್ ಟ್ರಾನ್ಸಿಸ್ಟರ್‌ಗಳ ಡೇಟಾಶೀಟ್‌ನಲ್ಲಿ ಸ್ಟೋರೇಜ್ ಟೈಮ್ ಎಂಬ ಸಾಲೇ ಸಾಮಾನ್ಯವಾಗಿ ಇರುವುದಿಲ್ಲ. ಗೇನ್, ಅಂದರೆ ಸಿಗ್ನಲ್ಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ, ನಾಯ್ಸ್, ಅಂದರೆ ಬೇಡದ ಗದ್ದಲ ಎಷ್ಟು ಅಂತ ಇರುತ್ತದೆ. ಅವುಗಳನ್ನು ಯಾರೂ ಸ್ವಿಚ್ ಅಂತ ಮಾಡಿದ್ದಲ್ಲವಲ್ಲ.

ಹಾಗಾದರೆ ಸ್ವಿಚ್ ಆಗಲೆಂದೇ ಮಾಡಿದ ವೇಗದ ಟ್ರಾನ್ಸಿಸ್ಟರ್‌ಗಳು ಇಲ್ಲವೇ? ಇವೆ, ಮತ್ತು ಅವುಗಳ ಗುಟ್ಟು ಚಿನ್ನ. ಹೌದು, ಒಡವೆಯ ಚಿನ್ನವೇ. ಅಮೆರಿಕದಲ್ಲಿ ಸೀಮೋರ್ ಕ್ರೇ ಎಂಬ ಎಂಜಿನಿಯರ್ ಜಗತ್ತಿನಲ್ಲೇ ವೇಗದ ಕಂಪ್ಯೂಟರ್ ಕಟ್ಟಲು ಹೊರಟಿದ್ದರು. ಅವರಿಗೆ ಮೂರು ನ್ಯಾನೊಸೆಕೆಂಡಿಗಿಂತ ಬೇಗ ಆನ್ ಆಫ್ ಆಗುವ ಸಿಲಿಕಾನ್ ಟ್ರಾನ್ಸಿಸ್ಟರ್ ಬೇಕಿತ್ತು. ಆ ಕಾಲದಲ್ಲಿ ವೇಗ ಬೇಕೆಂದರೆ ಜರ್ಮೇನಿಯಂ, ಸಿಲಿಕಾನ್ ಹಿಂದೆ ಬಿದ್ದಿತ್ತು. ಫೇರ್‌ಚೈಲ್ಡ್ ಕಂಪನಿಗೆ 5 ಲಕ್ಷ ಡಾಲರ್ ಕೊಟ್ಟು ಮಾಡಿಸಿದರು. ಅಲ್ಲಿನ ಜೀನ್ ಹೋರ್ನಿ 1961ರಲ್ಲಿ ತುಂಬಾ ಚಿಕ್ಕ ಗಾತ್ರದ ಟ್ರಾನ್ಸಿಸ್ಟರ್ ರೂಪಿಸಿ, ಅದರ ಸಿಲಿಕಾನ್‌ಗೆ ಚಿನ್ನದ ಅಣುಗಳನ್ನು ಚೂರೇ ಚೂರು ಸೇರಿಸಿದರು. ಆ ಚಿನ್ನದ ಅಣುಗಳು ನಾಲೆಯ ತಳದಲ್ಲಿನ ಇಂಗುಗುಂಡಿಗಳಿದ್ದ ಹಾಗೆ. ಉಳಿದ ಚಾರ್ಜನ್ನು ಅಲ್ಲಲ್ಲೇ ಹೀರಿ ಮುಗಿಸುತ್ತವೆ, ಸ್ವಿಚ್ ಥಟ್ಟನೆ ಆಫ್ ಆಗುತ್ತದೆ. ಅದೇ ಬಗೆಯ ಟ್ರಾನ್ಸಿಸ್ಟರ್‌ಗಳು ಲಕ್ಷಗಟ್ಟಲೆ ಸೇರಿ, 1964ರಲ್ಲಿ ಸಿಡಿಸಿ 6600 ಕಂಪ್ಯೂಟರ್ ಹೊರಬಂತು.

ಚಿನ್ನ ಸೇರಿಸಿದರೆ ನಷ್ಟವೂ ಇದೆ. ಗೇನ್ ಕಡಿಮೆಯಾಗುತ್ತದೆ, ಆಫ್ ಇದ್ದಾಗ ಸೋರುವ ಕರೆಂಟ್ ಹೆಚ್ಚುತ್ತದೆ. ಆದ್ದರಿಂದ ರೇಡಿಯೊಗೆ ಮಾಡಿದ ಟ್ರಾನ್ಸಿಸ್ಟರ್‌ಗೆ ಸಾಮಾನ್ಯವಾಗಿ ಚಿನ್ನ ಹಾಕುವುದಿಲ್ಲ. ಇವತ್ತಿಗೂ 2ಎನ್ 2369 ಅನ್ನುವ ಚಿನ್ನ ಸೇರಿಸಿದ ಟ್ರಾನ್ಸಿಸ್ಟರ್ ಸಿಗುತ್ತದೆ, ಸ್ಟೋರೇಜ್ ಟೈಮ್ ಬರೀ 13 ನ್ಯಾನೊಸೆಕೆಂಡ್.

ನಮ್ಮ ಕೈಗೆ ಅದು ಸಿಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಬಿಎಫ್‌ಆರ್ 93ಎ. ಟಿವಿ ಬೂಸ್ಟರ್‌ಗಳಿಗೆ ಹಾಕುವಂಥ ಆರ್‌ಎಫ್ ಟ್ರಾನ್ಸಿಸ್ಟರ್, 6000 ಮೆಗಾಹರ್ಟ್ಸ್‌ನದು. ರಾಗಿ ಕಾಳಿಗಿಂತ ಸ್ವಲ್ಪ ದೊಡ್ಡದು. ಹುಡುಗರಿಗೆ ಖುಷಿಯೋ ಖುಷಿ. ಬಿಸಿ 547 ಕಿತ್ತು ಅದೇ ಜಾಗದಲ್ಲಿ, ಬೆಸುಗೆ ಇಲ್ಲದೆ ತಂತಿ ಚುಚ್ಚುವ ಬ್ರೆಡ್‌ಬೋರ್ಡ್ ಮೇಲೆಯೇ, ಇದನ್ನು ಕೂರಿಸಿದರು.

ಕಲೆಕ್ಟರ್ ವೋಲ್ಟೇಜ್ ಅಳೆದರೆ ಅರ್ಥವೇ ಇಲ್ಲದ ಅಂಕಿ. ಬೆರಳು ಹತ್ತಿರ ತಂದರೆ ಬದಲಾಗುತ್ತದೆ, ತೆಗೆದರೆ ಮತ್ತೆ ಬದಲಾಗುತ್ತದೆ. ಈ ಲಕ್ಷಣ ನೋಡಿದರೆ ಅನುಮಾನ ಬೇಡ: ಟ್ರಾನ್ಸಿಸ್ಟರ್ ಸ್ವಿಚ್ ಕೆಲಸ ಬಿಟ್ಟು ತಾನೇ ಒಂದು ಟ್ರಾನ್ಸ್‌ಮಿಟರ್ ಆಗಿದೆ, ನಮ್ಮ ಸ್ಕೋಪ್‌ಗೆ ಕಾಣದಷ್ಟು ವೇಗದಲ್ಲಿ ಕಂಪಿಸುತ್ತಿದೆ. ಒಂದು ಸೆಂಟಿಮೀಟರ್ ತಂತಿ ಅಂದರೆ ನಮಗೆ ಬರೀ ತಂತಿ, ಆದರೆ ಈ ವೇಗದಲ್ಲಿ ಅದು ಸುಮಾರು 10 ನ್ಯಾನೊಹೆನ್ರಿಯ ಒಂದು ಕಾಯಿಲ್. ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಎರಡು ಸಾಲುಗಳ ನಡುವೆ ತಾನಾಗೇ ಒಂದು ಸಣ್ಣ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಜಾಗ ಇರುತ್ತದೆ. ಕಾಯಿಲ್, ಕೆಪಾಸಿಟರ್, ಜೊತೆಗೆ ಭರ್ಜರಿ ಗೇನ್. ಕಂಪಿಸದೆ ಇನ್ನೇನು ಮಾಡೀತು ಪಾಪ! ಬ್ರೆಡ್‌ಬೋರ್ಡ್ ಬಿಟ್ಟು ತಾಮ್ರದ ಹಲಗೆ ತಗೊಂಡೆವು. ಇಡೀ ತಾಮ್ರವೇ ಗ್ರೌಂಡ್. ಕಾಲುಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸಿ ನೇರವಾಗಿ ಬೆಸುಗೆ ಹಾಕಿ, ಬೇಸ್‌ಗೆ 22 ಓಮ್‌ನ ಒಂದು ರೆಸಿಸ್ಟರನ್ನು ಅಂಟಿಕೊಂಡ ಹಾಗೆ ಸೇರಿಸಿದೆವು. ಕಂಪನ ನಿಂತಿತು.

ಆಫ್ ಆಗುವುದು ಬಿಸಿ 547ಗಿಂತ ಎಷ್ಟೋ ಬೇಗವಾಗಿತ್ತು, ನಾಲೆಯೇ ಚಿಕ್ಕದಲ್ಲವೇ. ಆದರೂ ತಡ ಇತ್ತು. ಅದನ್ನು ಕಡಿಮೆ ಮಾಡಲು ಹಳೇ ಉಪಾಯ ಒಂದಿದೆ, ಬೇಸ್ ರೆಸಿಸ್ಟರ್‌ಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಹಾಕುವುದು. ಆಫ್ ಮಾಡುವ ಗಳಿಗೆಯಲ್ಲಿ ಅದು ಬೇಸ್‌ನಿಂದ ಚಾರ್ಜನ್ನು ಎಳೆದು ತೆಗೆಯುತ್ತದೆ. ಹಾಕಿದೆವು, ಚೆನ್ನಾಗಿ ಕೆಲಸ ಮಾಡಿತು. ಸಂಜೆಯ ಹೊತ್ತಿಗೆ ಮಿಡಿತ ಯಾಕೋ ಸೊರಗಿದ ಹಾಗಿತ್ತು. ಮರುದಿನ ಇನ್ನೂ ಸೊರಗಿತ್ತು. ಟ್ರಾನ್ಸಿಸ್ಟರ್ ಬದಲಿಸಿದರೆ ಸರಿಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತದೇ ಕತೆ.

ತಪ್ಪು ನನ್ನದು. ಆ ಕೆಪಾಸಿಟರ್ ಚಾರ್ಜ್ ಎಳೆಯುವುದರ ಜೊತೆಗೆ ಬೇಸನ್ನು ಸೊನ್ನೆಗಿಂತ ಕೆಳಗೆ, ಸುಮಾರು ನಾಲ್ಕು ವೋಲ್ಟ್ ಉಲ್ಟಾ ತಳ್ಳುತ್ತಿತ್ತು. ಬಿಸಿ 547 ಆರು ವೋಲ್ಟ್‌ವರೆಗೆ ಉಲ್ಟಾ ತಡೆಯುತ್ತದೆ, ಅದಕ್ಕೇ ನನಗೆ ಅಭ್ಯಾಸವಾಗಿತ್ತು. ಬಿಎಫ್‌ಆರ್ 93ಎ ತಡೆಯುವುದು ಎರಡೇ ವೋಲ್ಟ್. ಡೇಟಾಶೀಟಿನಲ್ಲೇ ಇರುವ ಮಾತು, ನಾನು ಓದಿರಲಿಲ್ಲ. ಅದಕ್ಕಿಂತ ಜಾಸ್ತಿ ಕೊಟ್ಟರೆ ತಕ್ಷಣ ಸಾಯುವುದಿಲ್ಲ, ಒಳಗೊಳಗೇ ಗೇನ್ ಸವೆಯುತ್ತಾ ಹೋಗುತ್ತದೆ. ಸುಟ್ಟು ಹೋಗಿದ್ದರೆ ಬೇಗ ಗೊತ್ತಾಗುತ್ತಿತ್ತು.

ಕೊನೆಗೆ ನಾವು ಹಿಡಿದ ದಾರಿ 1956ರದ್ದು. ಐಬಿಎಂನ ಹ್ಯಾನನ್ ಯೂರ್ಕ್ ಆಗ ಕಂಡುಕೊಂಡದ್ದು. ನಾಲೆ ತುಂಬಿಸಿ ಖಾಲಿ ಮಾಡುವ ಗೊಡವೆಯೇ ಬೇಡ, ನೀರು ಯಾವಾಗಲೂ ಒಂದೇ ಹದದಲ್ಲಿ ಹರಿಯುತ್ತಿರಲಿ, ಅದನ್ನು ಈ ಗದ್ದೆಗೋ ಆ ಗದ್ದೆಗೋ ತಿರುಗಿಸಿದರೆ ಸಾಕು. ರೈತರು ಗುದ್ದಲಿಯಲ್ಲಿ ಎರಡು ಹೆಂಟೆ ಮಣ್ಣು ಈಚೆಯಿಂದ ಆಚೆಗೆ ಹಾಕಿ ನೀರು ತಿರುಗಿಸುವುದಿಲ್ಲವೇ, ಹಾಗೆ. ಎರಡು ಟ್ರಾನ್ಸಿಸ್ಟರ್‌ಗಳ ಎಮಿಟರ್‌ಗಳನ್ನು ಒಟ್ಟಿಗೆ ಸೇರಿಸಬೇಕು. ಆ ಜೋಡಿಗೆ ಕಟ್ಟುನಿಟ್ಟಾಗಿ ಅಳೆದ ಕರೆಂಟ್, ನಮ್ಮದರಲ್ಲಿ 20 ಮಿಲಿಆಂಪ್. ಯಾವ ಬೇಸ್‌ನ ವೋಲ್ಟೇಜ್ ಸ್ವಲ್ಪ ಮೇಲಿದೆಯೋ ಕರೆಂಟ್ ಪೂರ್ತಿ ಅದರ ಕಡೆಗೆ. ಎಷ್ಟು ಮೇಲೆ? 0.12 ವೋಲ್ಟ್ ವ್ಯತ್ಯಾಸ ಇದ್ದರೆ ನೂರಕ್ಕೆ 99 ಪಾಲು ಆ ಕಡೆಗೆ ಹೋಗುತ್ತದೆ. ಅಷ್ಟು ಕಡಿಮೆ ಸಾಕಾಗಿರುವುದರಿಂದ ಬೇಸ್‌ಗೆ ಕೊಡುವ ಸಿಗ್ನಲ್ಲನ್ನು ತಗ್ಗಿಸಿದೆವು, ಎರಡು ವೋಲ್ಟಿನ ಭಯವೂ ಹೋಯಿತು. ಇನ್ನೊಂದು ಲಾಭ: ಲಾಜಿಕ್ ಐಸಿಯ ಸಿಗ್ನಲ್ ಓರೆಯಾಗಿ, ನಿಧಾನಕ್ಕೆ ಏರಿದರೂ, ಆ ಏರಿಕೆಯ ನಡುವಿನ ಒಂದು ಚೂರಿನಲ್ಲೇ ಕರೆಂಟ್ ಅತ್ತಿಂದಿತ್ತ ತಿರುಗಿ ಬಿಡುತ್ತದೆ. ಹೊರಬರುವ ಅಂಚು ಒಳಹೋದ ಅಂಚಿಗಿಂತ ಚೂಪು. ಕಲೆಕ್ಟರ್ ವೋಲ್ಟೇಜ್ ಅರ್ಧ ವೋಲ್ಟ್ ಮಾತ್ರ ಇಳಿಯುವುದರಿಂದ ಸ್ಯಾಚುರೇಷನ್ ಹತ್ತಿರ ಸುಳಿಯುವುದಿಲ್ಲ. ಆರ್‌ಎಫ್ ಟ್ರಾನ್ಸಿಸ್ಟರ್ ತಾನು ಹುಟ್ಟಿದ ಜಾಗದಲ್ಲೇ, ಅಂದರೆ ರೇಡಿಯೊದಲ್ಲಿ ಇರುವಂಥ ನಡುವಿನ ಸ್ಥಿತಿಯಲ್ಲೇ ಇದ್ದು ಸ್ವಿಚ್ ಕೆಲಸ ಮಾಡುತ್ತದೆ. ಇದನ್ನು ಮೊದಲ ಸಲ ಪೂರ್ತಿ ಅರ್ಥ ಮಾಡಿಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಬೆಲೆ ಕಟ್ಟಬೇಕು, ನಿಜ. ಇಲ್ಲಿ ಕರೆಂಟ್ ಹರಿಯುವುದು ಎಂದೂ ನಿಲ್ಲುವುದಿಲ್ಲ, ಶಾಖ ಜಾಸ್ತಿ. 1976ರ ಕ್ರೇ-1 ಸೂಪರ್ ಕಂಪ್ಯೂಟರ್ ಇದೇ ತತ್ವದ ಐಸಿಗಳಿಂದ ಕಟ್ಟಿದ್ದು. 12.5 ನ್ಯಾನೊಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತಿತ್ತು, ಅದನ್ನು ತಣ್ಣಗಿಡಲು ಫ್ರಿಜ್ಜಿನಲ್ಲಿ ಹಾಕುವ ಫ್ರಿಯಾನ್ ಹರಿಸಬೇಕಾಗಿತ್ತು. ನಮ್ಮ ಎರಡು ಟ್ರಾನ್ಸಿಸ್ಟರ್‌ಗೆ ಅದೇನೂ ಬೇಕಾಗಲಿಲ್ಲ ಬಿಡಿ.

ಹೊಸ ಸರ್ಕ್ಯೂಟಿನಿಂದ ಬಂದ ಮಿಡಿತದ ಅಂಚು, ಅಂದರೆ ಅದು ಏರಲು ಹಿಡಿದ ಸಮಯ, ನಾಲ್ಕು ನ್ಯಾನೊಸೆಕೆಂಡ್ ತೋರಿಸಿತು. ಹುಡುಗರಿಗೆ ಸ್ವಲ್ಪ ಬೇಸರ, ಇನ್ನೂ ಬೇಗ ಇರಬೇಕಿತ್ತು ಅಂತ. ಸ್ಕೋಪ್ 100 ಮೆಗಾಹರ್ಟ್ಸ್‌ನದು. ಅದು ತೋರಿಸಬಲ್ಲ ಅತಿ ಬೇಗದ ಅಂಚು ಎಷ್ಟು ಅಂತ ತಿಳಿಯಲು 0.35ನ್ನು ಆ ಅಂಕಿಯಿಂದ ಭಾಗಿಸಿ ಅಂದೆ. ಮೂರೂವರೆ ನ್ಯಾನೊಸೆಕೆಂಡ್ ಬಂತು. ಅಂದರೆ ನಾವು ನೋಡುತ್ತಿದ್ದದ್ದು ಬಹುಪಾಲು ಸ್ಕೋಪಿನದೇ ನಿಧಾನ, ಟ್ರಾನ್ಸಿಸ್ಟರ್ ಅದಕ್ಕಿಂತ ಎಷ್ಟೋ ಮುಂದಿತ್ತು. ನೀವೂ ಮಾಡಿ ನೋಡುವುದಾದರೆ ಸ್ಕೋಪಿಗೆ ಸಿಗ್ನಲ್ ತರುವ ಪ್ರೋಬಿನ ಉದ್ದ ಗ್ರೌಂಡ್ ತಂತಿಯನ್ನು ನಂಬಬೇಡಿ, ಅದು ಇಲ್ಲದ ಅಲೆಗಳನ್ನೆಲ್ಲ ತೋರಿಸುತ್ತದೆ. 50 ಓಮ್ ಕೇಬಲ್ಲಿನಲ್ಲಿ ನೇರವಾಗಿ ಸ್ಕೋಪಿಗೆ ತನ್ನಿ, ಸ್ಕೋಪಿನ ಬಾಯಲ್ಲಿ 50 ಓಮ್ ರೆಸಿಸ್ಟರ್ ಹಾಕಿ.

ಆಮೇಲೆ ಆ ಸುರುಳಿಯನ್ನು ಸೇರಿಸಿದೆವು. ಪರದೆಯ ಮೇಲೆ ಒಂದು ಉಬ್ಬು, ಸ್ವಲ್ಪ ದೂರದಲ್ಲಿ ಇನ್ನೊಂದು ಚಿಕ್ಕ ಉಬ್ಬು, ನಡುವೆ ಖಾಲಿ. ಅಂತರ 164 ನ್ಯಾನೊಸೆಕೆಂಡ್. ಹೋಗಲು ಅರ್ಧ, ಬರಲು ಅರ್ಧ, ಲೆಕ್ಕ ಹಾಕಿದರೆ 16 ಮೀಟರ್ 40 ಸೆಂಟಿಮೀಟರ್. ಪ್ರಶ್ನೆ ಕೇಳಿದ್ದ ಹುಡುಗ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಸುರುಳಿಯನ್ನು ಕಾರಿಡಾರ್ ಉದ್ದಕ್ಕೂ ಬಿಚ್ಚಿ, ಮೊಣಕಾಲೂರಿ ಟೇಪ್ ಹಿಡಿದುಕೊಂಡು ಹೋದ. ಆ ತುದಿಯಿಂದ ಕೂಗಿದ: "ಸಾರ್, ಹದಿನಾರು ಇಪ್ಪತ್ತೈದು!"

ನಮಸ್ಕಾರ.