ಬೆಂಕಿ ಕಂಡವರು, ಕೆಂಡ ಕಡ ತಂದವರು

ಸ್ನೇಹಿತರೆ, ನಮಸ್ಕಾರ.

ಹಾಡಿನ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ನನಗೆ ಹಾಡಲು ಬಾರದು, ಗಿಟಾರ್ ಹಿಡಿಯಲೂ ಬಾರದು. ಮೂವತ್ತೊಂದು ವರ್ಷ ನಾನು ಮಾಡಿದ್ದು ವಿಮಾ ಸರ್ವೇಯರ್ ಕೆಲಸ, ಅದರಲ್ಲೂ ಬೆಂಕಿ ಅನಾಹುತದ ಕ್ಲೇಮುಗಳದು. ಗೋದಾಮು ಸುಟ್ಟ ಮರುದಿನ ಬೂದಿಯೊಳಗೆ ಕಾಲಿಟ್ಟು, ಯಾವ ಮೂಲೆಯಲ್ಲಿ ಹೊತ್ತಿತು, ಮೊದಲು ಕಂಡವರು ಯಾರು, ಉಳಿದದ್ದೇನು ಎಂದು ಬರೆದುಕೊಳ್ಳುತ್ತಿದ್ದೆ. ಸಂಜೆ ಮನೆಗೆ ಬಂದು, ಹೊಗೆ ನಾರುವ ಅಂಗಿ ಬಿಚ್ಚಿಟ್ಟು ಕ್ಯಾಸೆಟ್ ಹಾಕಿದರೆ ಅದರಲ್ಲೂ ಬೆಂಕಿ! ರಾಕ್ ಮತ್ತು ಪಾಪ್ ಹಾಡುಗಾರರಿಗೆ ಬೆಂಕಿಯ ಮೇಲಿರುವಷ್ಟು ಮೋಹ ಅಗ್ನಿಹೋತ್ರಿಗಳಿಗೂ ಇರಲಾರದು.

ಕೇಳುತ್ತ ಕೇಳುತ್ತ ನನಗೊಂದು ಗುಮಾನಿ ಹುಟ್ಟಿತು. ಹಿಂದೆ ಹಳ್ಳಿಗಳಲ್ಲಿ ಬೆಂಕಿಪೊಟ್ಟಣ ಉಳಿಸಲು ಪಕ್ಕದ ಮನೆಯಿಂದ ಕುಳ್ಳಿನ ಮೇಲೆ ಕೆಂಡ ಇಟ್ಟುಕೊಂಡು ಬರುತ್ತಿದ್ದರು. ಬೆಂಕಿಯ ಹಾಡು ಬರೆದವರಲ್ಲಿ ಬಹುಪಾಲು ಜನ ಹೀಗೆ ಕೆಂಡ ಕಡ ತಂದವರು. ಪ್ರೀತಿಗೋ ಕಾಮಕ್ಕೋ ಸಿಟ್ಟಿಗೋ ಒಂದು ಉಪಮೆ ಬೇಕಿತ್ತು, ತಂದರು. ಕಣ್ಣೆದುರು ಕಟ್ಟಡ ಉರಿದದ್ದನ್ನು ಕಂಡು ಬರೆದವರು ಕಡಿಮೆ. ಅಂಥವರ ದನಿಯೇ ಬೇರೆ. ಅದು ಎಷ್ಟು ಬೇರೆ ಎಂಬುದನ್ನು ಹೇಳಲು ಹೊರಟಿದ್ದೇನೆ. ನಡುವೆ ದಾರಿ ತಪ್ಪಿದರೆ ಕ್ಷಮಿಸಿ, ನನಗೆ ಕಥೆಗಳ ಚಪಲ.

ದಾಖಲೆ ಭದ್ರವಾಗಿರುವ ಪ್ರಕರಣದಿಂದ ಶುರು ಮಾಡುತ್ತೇನೆ. 1971ರ ಡಿಸೆಂಬರ್ 4, ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರು, ಜಿನೀವಾ ಸರೋವರದ ದಡದ ಕ್ಯಾಸಿನೊ. ಒಳಗೆ ಫ್ರಾಂಕ್ ಜಪ್ಪಾ ಮತ್ತು ಅವರ ತಂಡ 'ಮದರ್ಸ್ ಆಫ್ ಇನ್ವೆನ್ಷನ್' ನುಡಿಸುತ್ತಿದೆ. ಸಭಿಕರಲ್ಲಿ ಒಬ್ಬ ಫ್ಲೇರ್ ಗನ್, ಅಂದರೆ ಅಪಾಯದ ಸಂಕೇತಕ್ಕೆ ಹಡಗಿನವರು ಹಾರಿಸುವ ಪಿಸ್ತೂಲನ್ನು ಚಾವಣಿಯತ್ತ ಹಾರಿಸಿದ. ಚಾವಣಿಗೆ ಬೆತ್ತದ ಹೊದಿಕೆ. ಮುಂದಿನದನ್ನು ನನ್ನ ವೃತ್ತಿಯವರಿಗೆ ಹೇಳಬೇಕಾಗಿಲ್ಲ. ವೇದಿಕೆಯಿಂದ ಜಪ್ಪಾ ಜನರಿಗೆ ಶಾಂತವಾಗಿ ಹೊರಗೆ ಹೋಗಿ ಎಂದರು. ಮಾಂಟ್ರೋ ಜಾಝ್ ಉತ್ಸವವನ್ನು ಕಟ್ಟಿದ ಕ್ಲಾಡ್ ನೋಬ್ಸ್ ಓಡಾಡಿ, ಒಳಗೆ ಸಿಕ್ಕಿಕೊಂಡಿದ್ದ ಹುಡುಗರನ್ನು ಎಳೆದು ತಂದರು. ಕಟ್ಟಡ ಪೂರ್ತಿ ಸುಟ್ಟುಹೋಯಿತು, ಜಪ್ಪಾ ತಂಡದ ವಾದ್ಯಗಳೂ ಹೋದವು, ಒಂದು ಜೀವವೂ ಹೋಗಲಿಲ್ಲ. (ಜಪ್ಪಾ ಗ್ರಹಚಾರ ಅಲ್ಲಿಗೆ ಮುಗಿಯಲಿಲ್ಲ. ಆರೇ ದಿನಕ್ಕೆ ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ಪ್ರೇಕ್ಷಕನೊಬ್ಬ ಅವರನ್ನು ವೇದಿಕೆಯಿಂದ ಕೆಳಗೆ, ವಾದ್ಯಗಾರರು ಕೂರುವ ಹಳ್ಳಕ್ಕೆ ತಳ್ಳಿದ. ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಕಳೆದರು.)

ಆ ದಿನ ಇನ್ನೊಂದು ತಂಡ ಅದೇ ಊರಿನಲ್ಲಿತ್ತು: ಇಂಗ್ಲೆಂಡಿನ ಡೀಪ್ ಪರ್ಪಲ್. ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೊ ಲಾರಿಯನ್ನು ಬಾಡಿಗೆಗೆ ತಂದು, ಅದೇ ಕ್ಯಾಸಿನೊದಲ್ಲಿ ಹೊಸ ಆಲ್ಬಂ ಧ್ವನಿಮುದ್ರಿಸುವುದು ಅವರ ಲೆಕ್ಕಾಚಾರ. ಸಭಾಂಗಣವೇ ಬೂದಿಯಾಯಿತು. ಉರಿಯುವ ಕಟ್ಟಡದ ಹೊಗೆ ಸರೋವರದ ನೀರಿನ ಮೇಲೆ ಹಾಸಿಕೊಂಡದ್ದನ್ನು ಅವರು ನೋಡುತ್ತ ನಿಂತರು. ಕೆಲವು ದಿನಗಳ ನಂತರ ಬಾಸ್ ನುಡಿಸುವ ರೋಜರ್ ಗ್ಲೋವರ್ ನಿದ್ದೆಯಿಂದ ಎದ್ದಾಗ ನಾಲಿಗೆಯ ಮೇಲೆ ಒಂದು ಮಾತಿತ್ತಂತೆ: 'ಸ್ಮೋಕ್ ಆನ್ ದಿ ವಾಟರ್.' ನೀರ ಮೇಲೆ ಹೊಗೆ. ಇದೇನು ಗಾಂಜಾದ ಹಾಡಿನ ಹೆಸರಿನ ಹಾಗಿದೆಯಲ್ಲ ಎಂದು ಮೊದಲು ಅವರಿಗೇ ಅನುಮಾನ ಬಂದಿತ್ತು.

ಆ ಹಾಡಿನ ಸಾಹಿತ್ಯವನ್ನು ಒಮ್ಮೆ ಸುಮ್ಮನೆ ಓದಿ ನೋಡಿ. ನಾವು ಮಾಂಟ್ರೋಗೆ ಬಂದೆವು, ಸರೋವರದ ದಡ, ಸಂಚಾರಿ ಸ್ಟುಡಿಯೊದಲ್ಲಿ ಹಾಡು ಮುದ್ರಿಸಲು. ಜಪ್ಪಾ ತಂಡಕ್ಕೆ ಊರಿನ ಅತ್ಯುತ್ತಮ ಜಾಗ ಸಿಕ್ಕಿತ್ತು. ಒಬ್ಬ ಮೂರ್ಖ ಪಿಸ್ತೂಲು ಹಾರಿಸಿ ಸುಟ್ಟುಹಾಕಿದ. ಕ್ಲಾಡ್ ಒಳಗೂ ಹೊರಗೂ ಓಡಿದ. ಕೊನೆಗೆ ನಮಗೆ ಸಿಕ್ಕಿದ್ದು ಖಾಲಿ ಬಿದ್ದ, ಕೊರೆಯುವ ಗ್ರ್ಯಾಂಡ್ ಹೋಟೆಲ್. ಸ್ನೇಹಿತರೆ, ಇದು ಮಹಜರು! ಸ್ಥಳವಿದೆ, ಕಾರಣವಿದೆ, ಹೆಸರಿನ ಸಮೇತ ಸಾಕ್ಷಿಗಳಿದ್ದಾರೆ, ಪರ್ಯಾಯ ವ್ಯವಸ್ಥೆಯ ವಿವರವೂ ಇದೆ. ಜೂಜುಕಟ್ಟೆ ಭೀಕರ ಸದ್ದಿನೊಂದಿಗೆ ಸತ್ತಿತು ಎನ್ನುವಂಥ ಒಂದೆರಡು ಮಾತು ಬಿಟ್ಟರೆ ಅಲಂಕಾರವೆಂಬುದೇ ಇಲ್ಲ. ನನ್ನ ಕೈಕೆಳಗಿನ ಹುಡುಗರು ಇಷ್ಟು ಚೊಕ್ಕವಾಗಿ ವರದಿ ಬರೆದಿದ್ದರೆ ನನಗೆ ರಕ್ತದೊತ್ತಡ ಬರುತ್ತಿರಲಿಲ್ಲ.

ಮಾತಿನಲ್ಲಿ ಇಲ್ಲದ ಬೆಂಕಿ ಗಿಟಾರಿನಲ್ಲಿದೆ. ರಿಚಿ ಬ್ಲ್ಯಾಕ್‌ಮೋರ್ ನುಡಿಸಿದ ಆ ಆರಂಭದ ತುಣುಕು ನಿಮಗೆಲ್ಲ ಗೊತ್ತು. ಗಿಟಾರ್ ಕೊಂಡ ಹುಡುಗ ಮೊದಲ ವಾರದಲ್ಲೇ ಅದನ್ನು ಬಾರಿಸಿ ಮನೆಯವರ ನಿದ್ದೆ ಕೆಡಿಸುತ್ತಾನೆ, ಅದೂ ತಪ್ಪಾಗಿ. ಬ್ಲ್ಯಾಕ್‌ಮೋರ್ ಅದನ್ನು ಎರಡು ತಂತಿಗಳನ್ನು ಒಟ್ಟಿಗೆ ಬೆರಳಲ್ಲಿ ಮೀಟಿ ನುಡಿಸುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಿದರೆ ಷಡ್ಜ ಮಧ್ಯಮಗಳ ಅಂತರದ ಜೋಡಿ ಸ್ವರಗಳು. ಹಾಡಿನ ಮೂಲ ವಾದ್ಯಭಾಗ ಮುದ್ರಣವಾದದ್ದು ಗ್ರ್ಯಾಂಡ್ ಹೋಟೆಲಿನಲ್ಲಲ್ಲ, ಅದಕ್ಕೂ ಮೊದಲು ಸಿಕ್ಕಿದ್ದ ಪೆವಿಲಿಯನ್ ಎಂಬ ರಂಗಮಂದಿರದಲ್ಲಿ. ರಾತ್ರಿಯ ಗದ್ದಲಕ್ಕೆ ನೆರೆಹೊರೆಯವರು ದೂರು ಕೊಟ್ಟರು, ಪೊಲೀಸರು ಬಂದು ಬಾಗಿಲು ಬಡಿದರು. ತಂಡದ ಸಹಾಯಕರು ಒಳಗಿನಿಂದ ಬಾಗಿಲಿಗೆ ಒತ್ತಿ ನಿಂತರು, ನುಡಿಸುವಿಕೆ ಮುಗಿಯುವ ತನಕ. ಮರುದಿನ ಅಲ್ಲಿಂದಲೂ ಎತ್ತಂಗಡಿ. 1972ರಲ್ಲಿ 'ಮಷೀನ್ ಹೆಡ್' ಆಲ್ಬಂನಲ್ಲಿ ಹಾಡು ಬಂತು, ಆದರೆ ಇದು ಹಿಟ್ ಆಗುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ. ಅಮೆರಿಕದಲ್ಲಿ ಬಿಡಿ ಹಾಡಾಗಿ ನಾಲ್ಕನೆಯ ಸ್ಥಾನಕ್ಕೆ ಏರಿದ್ದು ಮುಂದಿನ ವರ್ಷ.

ಇನ್ನು ಕಡ ತಂದವರತ್ತ ಬರೋಣ. ಕಡ ತಂದವರೆಂದು ನಾನು ಹಗುರವಾಗಿ ಹೇಳುತ್ತಿಲ್ಲ. ಕೆಂಡವನ್ನು ಆರಿಸದೆ ಮನೆಗೆ ತರುವುದೂ ಒಂದು ಕಲೆ. 'ರಿಂಗ್ ಆಫ್ ಫೈರ್' ಅದಕ್ಕೆ ಸಾಕ್ಷಿ. ಅದನ್ನು ಜೂನ್ ಕಾರ್ಟರ್ ಮತ್ತು ಮರ್ಲ್ ಕಿಲ್ಗೋರ್ ಸೇರಿ ಬರೆದರು. ಆಗ ಜೂನ್ ಮತ್ತು ಆಕೆ ಮನಸೋತಿದ್ದ ಜಾನಿ ಕ್ಯಾಶ್, ಅಮೆರಿಕದ ಕಂಟ್ರಿ ಅಂದರೆ ಹಳ್ಳಿ ಧಾಟಿಯ ಸಂಗೀತದ ಗಾಯಕ, ಇಬ್ಬರಿಗೂ ಬೇರೆ ಬೇರೆ ಸಂಸಾರ. ಕ್ಯಾಶ್ ಮಾತ್ರೆ, ಮದ್ಯದಲ್ಲಿ ಮುಳುಗಿದ್ದವರು. ಮೊದಲು ಹಾಡಿದ್ದು ಜೂನ್ ತಂಗಿ ಅನಿಟಾ, ಸೌಮ್ಯವಾಗಿ, ಜನಪದದ ಧಾಟಿಯಲ್ಲಿ. ಅದು ಓಡಲಿಲ್ಲ. 1963ರ ಮಾರ್ಚ್‌ನಲ್ಲಿ ಕ್ಯಾಶ್ ಹಾಡುವಾಗ ಮೆಕ್ಸಿಕೊದ ಮದುವೆ ಮೆರವಣಿಗೆಯಂಥ ಕಹಳೆಗಳನ್ನು ಸೇರಿಸಿದರು. ಕನಸಿನಲ್ಲಿ ಹಾಗೆ ಕೇಳಿಸಿತ್ತಂತೆ. ಬೆಂಕಿಯ ಬಳೆಯೊಳಗೆ ಬಿದ್ದೆ ಎನ್ನುವ ಸಂಕಟದ ಮಾತಿಗೆ ಮದುವೆಯ ವಾದ್ಯ! ಆ ಒಂದು ಎಡವಟ್ಟು ಜೋಡಣೆಯಲ್ಲಿ ಹಾಡು ಗೆದ್ದಿತು. ಕಂಟ್ರಿ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನ. 1968ರಲ್ಲಿ ಇಬ್ಬರೂ ಮದುವೆಯಾದರು.

ಅದಕ್ಕೂ ಮುಂಚೆ, 1965ರ ಜೂನ್‌ನಲ್ಲಿ, ಬೆಂಕಿಯ ಬಳೆಯ ಈ ಗಾಯಕ ಕ್ಯಾಲಿಫೋರ್ನಿಯಾದ ಲಾಸ್ ಪಾದ್ರೆಸ್ ಅರಣ್ಯದಲ್ಲಿ ನಿಜವಾದ ಬೆಂಕಿಯನ್ನೇ ಹಚ್ಚಿಬಿಟ್ಟರು. ಅವರ ವ್ಯಾನಿನಿಂದ ಹೊತ್ತಿದ ಕಿಚ್ಚು 508 ಎಕರೆ ಕಾಡನ್ನು ಸುಟ್ಟು, ಅಳಿವಿನಂಚಿನಲ್ಲಿದ್ದ ಕಾಂಡೋರ್ ರಣಹದ್ದುಗಳನ್ನು ಅವುಗಳ ಆಸರೆಯಿಂದ ಓಡಿಸಿತು. ಸರ್ಕಾರ ಮೊಕದ್ದಮೆ ಹೂಡಿತು, ಕ್ಯಾಶ್ 82,001 ಡಾಲರ್ ತೆತ್ತರು. ಆ ಕೊನೆಯ ಒಂದು ಡಾಲರ್ ಯಾಕೆ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ, ವೃತ್ತಿದೋಷ. ನನ್ನ ಪಾಲಿಗೆ ಮುಖ್ಯ ವಿಷಯ ಬೇರೆ: ನಿಜವಾಗಿ ಕಾಡು ಸುಟ್ಟ ಮೇಲೆ ಆತ ಅದರ ಬಗ್ಗೆ ದೊಡ್ಡ ಹಾಡೊಂದನ್ನು ಕಟ್ಟಲಿಲ್ಲ. ಉಪಮೆಯ ಬೆಂಕಿಯಷ್ಟು ಹಿಡಿತಕ್ಕೆ ಸಿಗುವ ವಸ್ತು ಅದಲ್ಲ. ಇನ್ನೊಂದು ತಮಾಷೆ: 2004ರಲ್ಲಿ ಮೂಲವ್ಯಾಧಿಯ ಮುಲಾಮಿನ ಜಾಹೀರಾತಿಗೆ ಈ ಹಾಡನ್ನು ಕೇಳಿದರು. ಕಿಲ್ಗೋರ್ ನಕ್ಕು ಒಪ್ಪುವ ಹಾಗಿದ್ದರು. ಕ್ಯಾಶ್ ಮಗಳು ರೋಸಾನ್ ಖಡಾಖಂಡಿತವಾಗಿ ಬೇಡವೆಂದರು. ಉರಿ ಎಂಬ ಪದಕ್ಕೆ ನಮ್ಮಲ್ಲೂ ಅಷ್ಟೇ ಅಗಲದ ಅರ್ಥವಿದೆ, ನಗಬೇಡಿ.

ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ 'ಫೈರ್' ಬಗ್ಗೆ ದೊಡ್ಡ ದೊಡ್ಡ ವ್ಯಾಖ್ಯಾನ ಓದಿದ್ದೇನೆ. ಹುಟ್ಟಿದ್ದು ಚಳಿಯಿಂದ. 1966ರ ಕೊನೆಯ ದಿನ, ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ತಂಡದ ನೋಯಲ್ ರೆಡಿಂಗ್ ತಾಯಿಯ ಮನೆ. ನಡುಗುತ್ತಿದ್ದ ಹೆಂಡ್ರಿಕ್ಸ್ ಬೆಂಕಿಗೂಡಿನ ಪಕ್ಕ ನಿಲ್ಲಬಹುದೇ ಎಂದು ಕೇಳಿದರೆ ಅಲ್ಲಿ ಮನೆಯ ನಾಯಿ ಆರಾಮವಾಗಿ ಮಲಗಿತ್ತು. ಆ ನಾಯಿಗೆ ಸರಿದುಕೋ ಎಂದದ್ದೂ ಹಾಡಿನಲ್ಲಿದೆ. ಮೂರು ತಿಂಗಳ ನಂತರ ಲಂಡನ್ನಿನಲ್ಲಿ, ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅವರು ವೇದಿಕೆಯ ಮೇಲೆ ಗಿಟಾರಿಗೇ ಬೆಂಕಿ ಇಟ್ಟರು. ಲಂಡನ್ನಿನಲ್ಲಿ ಕೈ ಸುಟ್ಟುಕೊಂಡರು. ವಿಮೆಗೆ ಇದು ಉದ್ದೇಶಪೂರ್ವಕ ನಷ್ಟ, ಬಿಡಿಗಾಸು ಹುಟ್ಟುವುದಿಲ್ಲ.

ಇವರಿಗಿಂತ ಮುಂದೆ ಹೋದವರು ಆರ್ಥರ್ ಬ್ರೌನ್. 1968ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದ ಇನ್ನೊಂದು 'ಫೈರ್' ಅವರದು. ನರಕಾಗ್ನಿಯ ದೇವರು ನಾನೇ ಎಂಬ ಘೋಷಣೆಯಿಂದ ಶುರುವಾಗುತ್ತದೆ. ತಲೆಯ ಮೇಲೆ ಉರಿಯುವ ಕಿರೀಟ ಇಟ್ಟುಕೊಂಡು ಹಾಡುತ್ತಿದ್ದರು. ವಿಂಡ್ಸರ್‌ನಲ್ಲಿ ಒಮ್ಮೆ ಇಂಧನ ತಲೆಗೆ ಸೋರಿ ಹೊತ್ತಿಕೊಂಡಾಗ ಪಕ್ಕದಲ್ಲಿದ್ದವರು ಬಿಯರ್ ಸುರಿದು ಆರಿಸಿದರು. ಮಾಂಟ್ರೋದಲ್ಲಿ ಬೆಂಕಿ ಎಂಬ ಕೂಗು ಎದ್ದಾಗ, 'ಖುದ್ದು ಆರ್ಥರ್ ಬ್ರೌನ್!' ಎಂದು ಜಪ್ಪಾ ಮೈಕಿನಲ್ಲಿ ಹಾಸ್ಯ ಮಾಡಿದ್ದರು. ಅದಾದ ಮೇಲೆಯೇ ಶಾಂತವಾಗಿ ಹೊರನಡೆಯಿರಿ ಎಂದದ್ದು.

ಡೋರ್ಸ್ ತಂಡದ 'ಲೈಟ್ ಮೈ ಫೈರ್' ಬಹುಮಟ್ಟಿಗೆ ಗಿಟಾರಿಸ್ಟ್ ರಾಬಿ ಕ್ರೀಗರ್ ಬರೆದದ್ದು. ಎಲ್ಲರೂ ಹಾಡು ಬರೆದು ತನ್ನಿ ಎಂದಾಗ ಈ ಹುಡುಗ ಭೂಮಿ, ಗಾಳಿ, ಬೆಂಕಿ, ನೀರು ಎಂದು ಎಣಿಸಿ ಬೆಂಕಿಯನ್ನು ಆರಿಸಿಕೊಂಡ. ಶಾಲೆಯ ಪ್ರಬಂಧದ ಹಾಗೆ! ಎರಡನೆಯ ಚರಣ ತಂಡದ ಗಾಯಕ ಜಿಮ್ ಮಾರಿಸನ್ ಅವರದು, ಅದರಲ್ಲಿ ಪ್ರೀತಿ ಚಿತೆಯಾಗುತ್ತದೆ. ಒಬ್ಬ ಒಲೆ ಹಚ್ಚಲು ಕೇಳಿದ, ಇನ್ನೊಬ್ಬ ಸೌದೆ ಒಟ್ಟಿ ಚಿತೆ ಮಾಡಿದ. 1967ರ ಜುಲೈನಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು.

ಅದೇ ಜುಲೈ 23ರಂದು ಅಮೆರಿಕದ ಡೆಟ್ರಾಯಿಟ್ ನಗರ ಜನಾಂಗೀಯ ಗಲಭೆಯಲ್ಲಿ ಹೊತ್ತಿಕೊಂಡಿತು. ಫಾಕ್ಸ್ ರಂಗಮಂದಿರದ ವೇದಿಕೆಯ ಮೇಲೆ ಗಾಯಕಿ ಮಾರ್ಥಾ ರೀವ್ಸ್ ಇದ್ದರು. ನಾಲ್ಕು ವರ್ಷ ಮುಂಚೆ 'ಹೀಟ್ ವೇವ್' ಎಂಬ ಹಾಡಿನಿಂದ ಹೆಸರು ಮಾಡಿದವರು. ಅದು ಪ್ರೇಮದ ಕಾವಿನ ಹಾಡು, ಕೈಚಪ್ಪಾಳೆಯ ಕುಣಿತದ್ದು. ಆ ದಿನ ಹಾಡು ನಿಲ್ಲಿಸಿ, ಊರಲ್ಲಿ ಬೆಂಕಿ ಬಿದ್ದಿದೆ, ಜೋಪಾನವಾಗಿ ಮನೆ ಸೇರಿ ಎಂದು ಸಭಿಕರಿಗೆ ಹೇಳುವ ಕೆಲಸ ಅವರ ಪಾಲಿಗೆ ಬಂತು. ಆ ಗಲಭೆಯಲ್ಲಿ 43 ಜನ ಸತ್ತರು. ಎರಡು ವರ್ಷ ಹಿಂದೆ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆ ಅಂಥದೇ ಗಲಭೆಯಲ್ಲಿ ಉರಿದಾಗ ಜನರ ಬಾಯಲ್ಲಿದ್ದ ಕೂಗು 'ಬರ್ನ್, ಬೇಬಿ, ಬರ್ನ್.' ಒಳ್ಳೆಯ ಹಾಡು ಹಾಕಿದಾಗ ಹುಮ್ಮಸ್ಸಿಗೆಂದು ರೇಡಿಯೊ ನಿರೂಪಕನೊಬ್ಬ ಕೂಗುತ್ತಿದ್ದ ಮಾತು ಅದು. ರೇಡಿಯೊದಿಂದ ಬೀದಿಗೆ ಹೋದ ಕೆಂಡ 1976ರಲ್ಲಿ ಟ್ರ್ಯಾಂಪ್ಸ್ ತಂಡದ 'ಡಿಸ್ಕೊ ಇನ್‌ಫರ್ನೊ' ಮೂಲಕ ಮತ್ತೆ ಕುಣಿತದ ಅಂಗಳಕ್ಕೆ ಬಂತು. ಆ ಹಾಡಿಗೆ ಕಾಲು ಕುಣಿಯದಿದ್ದರೆ ವೈದ್ಯರನ್ನು ಕಾಣಬೇಕು. ಆದರೂ ಆ ಸಾಲು ಬಂದಾಗ ನನ್ನ ಕಾಲು ಅರೆಕ್ಷಣ ತಡವರಿಸುತ್ತದೆ.

ಸೆಕೆ, ಧಗೆ, ಝಳ, ಬೇಗೆ, ಕಾವು: ನಮ್ಮಲ್ಲಿ ಒಂದೊಂದಕ್ಕೂ ಒಂದು ಮಾತು. ಆಸ್ಟ್ರೇಲಿಯಾದ ಮಿಡ್‌ನೈಟ್ ಆಯಿಲ್ ತಂಡದ 'ಬೆಡ್ಸ್ ಆರ್ ಬರ್ನಿಂಗ್' ಅಪ್ಪಟ ಧಗೆಯ ಹಾಡು. 1986ರಲ್ಲಿ ಅವರು ಆದಿವಾಸಿ ಸಂಗೀತಗಾರರ ವಾರುಂಪಿ ಬ್ಯಾಂಡ್ ಜೊತೆ ಮರುಭೂಮಿಯ ಹಾಡಿಗಳಲ್ಲಿ ತಿರುಗಿದರು. ಮರುವರ್ಷ ಬಂದ ಹಾಡಿನಲ್ಲಿ ಊರುಗಳ ಹೆಸರಿವೆ, ಕುದಿಯುವ ಡೀಸೆಲ್ ಇದೆ, 45 ಡಿಗ್ರಿ ಎಂಬ ಅಂಕಿಯೇ ಇದೆ. ಕಲಬುರಗಿ, ರಾಯಚೂರಿನವರಿಗೆ ಆ ಅಂಕಿಯನ್ನು ವಿವರಿಸಬೇಕಾಗಿಲ್ಲ. ಪಶ್ಚಿಮ ಮರುಭೂಮಿಯಿಂದ ಎಬ್ಬಿಸಿದ ಪಿಂಟುಪಿ ಜನರಿಗೆ ಅವರ ನೆಲ ಹಿಂತಿರುಗಿಸಿ, ಹಾಸಿಗೆ ಉರಿಯುತ್ತಿರುವಾಗ ನಿದ್ದೆ ಹೇಗೆ ಬರುತ್ತದೆ ಎನ್ನುವುದು ಹಾಡಿನ ಪ್ರಶ್ನೆ. ಒಲೆ ಹತ್ತಿ ಉರಿದರೆ ನಿಲ್ಲಬಹುದು, ಧರೆ ಹತ್ತಿ ಉರಿದರೆ? ಈ ಪ್ರಶ್ನೆಯನ್ನು ಕೇಳಿ ಬೆಳೆದ ನಮಗೆ ಅದು ಪರಕೀಯವೆನಿಸದು. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನ ಸಮಾರೋಪದಲ್ಲಿ ಅವರು 'ಸಾರಿ' ಎಂದು ಅಚ್ಚಾದ ಕಪ್ಪು ಬಟ್ಟೆ ತೊಟ್ಟು ಇದನ್ನು ಹಾಡಿದರು. ಆದಿವಾಸಿಗಳ ಕ್ಷಮೆ ಕೇಳಲು ಒಪ್ಪದ ಪ್ರಧಾನಿ ಜಾನ್ ಹೊವಾರ್ಡ್ ಎದುರಿಗೇ ಇದ್ದರು. ದೇಶದ ಸಂಸತ್ತು ಕ್ಷಮೆ ಕೇಳಿದ್ದು 2008ರ ಫೆಬ್ರವರಿಯಲ್ಲಿ; ಆ ಹೊತ್ತಿಗೆ ತಂಡದ ಗಾಯಕ ಪೀಟರ್ ಗ್ಯಾರೆಟ್ ಮಂತ್ರಿಯಾಗಿದ್ದರು.

ಕೊನೆಯದಾಗಿ ಕಡ ತಂದವರ ಗುರುವಿನ ಬಳಿಗೆ ಬರುತ್ತೇನೆ. ಓಟಿಸ್ ಬ್ಲ್ಯಾಕ್‌ವೆಲ್, ನ್ಯೂಯಾರ್ಕಿನ ಹಾಡು ಬರಹಗಾರ. ಜೆರ್ರಿ ಲೀ ಲೂಯಿಸ್ 1957ರಲ್ಲಿ ಪಿಯಾನೊ ಕುಟ್ಟಿ ಹಾಡಿದ 'ಗ್ರೇಟ್ ಬಾಲ್ಸ್ ಆಫ್ ಫೈರ್' ಇವರ ಕೈಯಿಂದ ಬಂದದ್ದು. ಬೈಬಲ್ ಶಾಲೆಯಲ್ಲಿ ಓದಿದ ಲೂಯಿಸ್‌ಗೆ ಇದು ಸೈತಾನನ ಸಂಗೀತವೆಂಬ ಭಯ. ಮುದ್ರಣದ ದಿನ ಸ್ಟುಡಿಯೊ ಮಾಲೀಕರೊಂದಿಗೆ ಅದೇ ವಿಷಯಕ್ಕೆ ಜಗಳವಾಡಿದ್ದು ಟೇಪಿನಲ್ಲೇ ಉಳಿದಿದೆ. ನರಕದ ಬೆಂಕಿ ಆತನಿಗೆ ಉಪಮೆಯಾಗಿರಲಿಲ್ಲ, ನಿಜವಾದ ಜಾಗವಾಗಿತ್ತು. ಕಂಡವರು, ತಂದವರು ಎಂಬ ನನ್ನ ವಿಂಗಡಣೆಯಲ್ಲಿ ಈ ಮನುಷ್ಯ ಎಲ್ಲಿಯೂ ಕೂರುವುದಿಲ್ಲ.

ಅದೇ ಬ್ಲ್ಯಾಕ್‌ವೆಲ್, ಇನ್ನೊಬ್ಬ ಪ್ರಕಾಶಕನೊಂದಿಗಿನ ಕರಾರಿನ ಕಾಟಕ್ಕೆ ಜಾನ್ ಡೇವನ್‌ಪೋರ್ಟ್ ಎಂದು ಹೆಸರು ಬದಲಿಸಿಕೊಂಡು, ಎಡ್ಡಿ ಕೂಲಿ ಜೊತೆ ಬರೆದದ್ದು 'ಫೀವರ್'. 1956ರಲ್ಲಿ ಲಿಟಲ್ ವಿಲ್ಲಿ ಜಾನ್ ಎಂಬ ಹದಿನೆಂಟರ ಹುಡುಗ ಸ್ಯಾಕ್ಸಫೋನುಗಳ ನಡುವೆ ಹಾಡಿದ. ಎರಡು ವರ್ಷಕ್ಕೆ ಗಾಯಕಿ ಪೆಗ್ಗಿ ಲೀ ಅದನ್ನೆತ್ತಿಕೊಂಡು ವಾದ್ಯಗಳನ್ನು ಒಂದೊಂದಾಗಿ ಕಳಚಿಹಾಕಿದರು. ಉಳಿದದ್ದು ಒಂದು ಬಾಸ್, ಮೆಲುವಾದ ಡ್ರಮ್, ಬೆರಳಿನ ಚಿಟಿಕೆ. ಜ್ವರ ಬಂದವರ ಕೋಣೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲವಲ್ಲ, ಹಾಗೆ. ನಡುವೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ, ಥರ್ಮಾಮೀಟರಿನ ಪಾದರಸ ಏರಿದ ಹಾಗೆ. ಲೀ ಮಾತ್ರ ದನಿ ಎತ್ತುವುದಿಲ್ಲ.

ಅದನ್ನೇ ಈಗ ಕೇಳಿಸುತ್ತೇನೆ. ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಹಿಂದೆ ಕುಳಿತವರು ದಯವಿಟ್ಟು ಫ್ಯಾನುಗಳನ್ನು ಆರಿಸಿ, ಆ ಸದ್ದಿನಲ್ಲಿ ಚಿಟಿಕೆ ಕೇಳಿಸುವುದಿಲ್ಲ. ಸೆಕೆಯಾಗುತ್ತದೆ, ನನಗೆ ಗೊತ್ತು.