ಕೈ ತೊಳೆಯುವ ಡ್ರಮ್ಮಿನೊಳಗೆ ಏನಿದೆ?

ಕೇಳುಗರಿಗೆಲ್ಲ ನಮಸ್ಕಾರ. ಕೊರೊನಾ ಕಾಲದಿಂದ ಮಾಸ್ಕು, ಅಂತರ, ಸ್ಯಾನಿಟೈಸರು... ಕೇಳಿ ಕೇಳಿ ನಿಮಗೂ ಸಾಕಾಗಿದೆ, ಹೇಳಿ ಹೇಳಿ ನನಗೂ ಸಾಕಾಗಿದೆ. ಇವತ್ತು ಅದು ಬೇಡ. ಇವತ್ತು ಒಂದೇ ಮಾತು: ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ, ಪಾತ್ರೆ ಉಜ್ಜಿ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಡ, ನಿಮ್ಮ ಮನೆಯ ತಿಳಿನೀರೇ ಆಗಬೇಕು. ಚರಂಡಿ ತೋರಿಸಿ ಪಂಚಾಯಿತಿಗೆ ಬೈಯುವವರು ದಯವಿಟ್ಟು ಗಮನಿಸಿ.

ಹೋದ ಮಳೆಗಾಲ ಪುತ್ತೂರಿನ ಕಡೆ ಒಂದು ಮನೆಗೆ ಆಶಾ ಕಾರ್ಯಕರ್ತೆಯ ಜೊತೆ ಹೋಗಿದ್ದೆ. ಯಜಮಾನರು ನಿವೃತ್ತ ಮಾಸ್ಟ್ರು. ಗೇಟಿನಲ್ಲೇ ತಡೆದರು. "ಡಾಕ್ಟ್ರೇ, ಮೊದಲು ಕೈ ತೊಳೀರಿ." ಸಂತೋಷ! ಅಲ್ಲೇ ನಲ್ಲಿ ಕೂರಿಸಿದ ನೀಲಿ ಡ್ರಮ್ಮು, ಸೋಪು, ಒರೆಸಲು ಬೈರಾಸು. "ನಮ್ಮಲ್ಲಿ ನುಸಿ ಇಲ್ಲವೇ ಇಲ್ಲ ಮಾರಾಯ್ರೆ, ಬನ್ನಿ ತೋರಿಸ್ತೇನೆ" ಅಂತ ತೋಟವೆಲ್ಲ ಸುತ್ತಿಸಿದರು. ನೀರು ನಿಲ್ಲುವಂಥ ಅಡಿಕೆ ಹಾಳೆ ಒಂದೂ ಬಿದ್ದಿರಲಿಲ್ಲ. ರಬ್ಬರು ಮರದ ಗೆರಟೆಗಳನ್ನೆಲ್ಲ ಕವುಚಿ ಹಾಕಿದ್ದರು. ನಿಜವಾಗಿ ಮೆಚ್ಚಿದೆ. ಹೊರಡುವಾಗ ಆಶಾ ಕಾರ್ಯಕರ್ತೆ ಆ ನೀಲಿ ಡ್ರಮ್ಮಿನ ಒಡಕು ಮುಚ್ಚಳ ಎತ್ತಿ ಟಾರ್ಚು ಬಿಟ್ಟರು. ಬೆಳಕು ಬಿದ್ದದ್ದೇ ತಡ, ಸೊಳ್ಳೆಯ ಸಣ್ಣ ಸಣ್ಣ ಮರಿಹುಳುಗಳು ಕೊಂಕುತ್ತ ಬಳುಕುತ್ತ ತಳಕ್ಕಿಳಿದವು. ರಾಶಿ ರಾಶಿ! "ದಿನಾ ತುಂಬಿಸ್ತೇನಲ್ಲ!" ಅಂದರು ಮಾಸ್ಟ್ರು. ತುಂಬಿಸುತ್ತಾರೆ ಸ್ವಾಮಿ, ಖಾಲಿ ಮಾಡುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು 8-10 ದಿನ ಸಾಕು. ಆ ಮೊಟ್ಟೆ ಡ್ರಮ್ಮಿನ ಒಳಮೈಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಆದ್ದರಿಂದಲೇ ಚೆಲ್ಲಿದರೆ ಸಾಲದು, ತೆಂಗಿನ ನಾರು ಹಿಡಿದು ತಿಕ್ಕಬೇಕು. ವಾರಕ್ಕೊಮ್ಮೆ!

ಸ್ಟುಡಿಯೋ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ಮನೆಯೊಳಗಿದ್ದರೆ ಕ್ಷೇಮ ಅಂದುಕೊಳ್ಳಬೇಡಿ. ಈ ಸೊಳ್ಳೆ ಕಚ್ಚುವುದೇ ಹಗಲಲ್ಲಿ, ಮನೆಯೊಳಗೆ. ಸಿಂಗಪುರದಂಥ ಶಿಸ್ತಿನ ಊರಿನಲ್ಲೇ ಲಾಕ್‌ಡೌನಿನ ವರ್ಷ 2020ರಲ್ಲಿ 35,000ಕ್ಕೂ ಹೆಚ್ಚು ಮಂದಿಗೆ ಡೆಂಗಿ ಬಂತು. ಚೆಲ್ಲಲಾಗದ ದೊಡ್ಡ ತೊಟ್ಟಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡಿ. ಜ್ವರ ಬಂದರೆ ಕೊರೊನಾ, ಡೆಂಗಿ ಎರಡನ್ನೂ ಪರೀಕ್ಷೆ ಮಾಡಿಸಿ. ಒಂದು ನೆಗೆಟಿವ್ ಬಂತೆಂದು ಮನೆಗೆ ಹೋಗಿ ಮಲಗಬೇಡಿ. ಜ್ವರ ಇಳಿಸಲು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ, ಡೆಂಗಿಯಾಗಿದ್ದರೆ ರಕ್ತಸ್ರಾವ ಹೆಚ್ಚಬಹುದು.

ಇನ್ನು ಬೀಗ ಹಾಕಿದ ಶಾಲೆ, ಅಂಗಡಿಗಳ ತಾರಸಿ ಯಾರು ನೋಡಬೇಕು ಅಂತ ಕೇಳುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರೇ, ಈ ವಾರವೇ. ನಮಸ್ಕಾರ.